ಹಳೇ ಕಂಪ್ಯೂಟರ್ ಗುಜರಿಗೆ ಹಾಕ್ತಿದ್ದೀರಾ? ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಮಷಿನ್‌ಗಳಲ್ಲಿ ಎಷ್ಟೋ ಕಡೆ ವಿಂಡೋಸ್ 11 ಕೂರುವುದಿಲ್ಲ. ಹಾಗಾಗಿ ಅಂಗಡಿ ಕಂಪ್ಯೂಟರ್ ಬದಲಾಯಿಸುವ ಯೋಚನೆಯಲ್ಲಿ ಇರುವವರು ಬಹಳ ಜನ. ಹಳೇದನ್ನು ಸಿಕ್ಕಷ್ಟಕ್ಕೆ ಗುಜರಿಗೆ ಕೊಡೋಣ ಅನ್ನುವ ಮೊದಲು ಒಂದು ನಿಮಿಷ ತಡೆಯಿರಿ.

ಮದರ್‌ಬೋರ್ಡ್ ಸುಟ್ಟರೂ, ಲ್ಯಾಪ್‌ಟಾಪ್ ಡಿಸ್‌ಪ್ಲೇ ಒಡೆದರೂ ಒಳಗಿನ ಹಾರ್ಡ್ ಡಿಸ್ಕ್ ಚೆನ್ನಾಗಿಯೇ ಇರಬಹುದು. ನಿಮ್ಮ ಟ್ಯಾಲಿ ಲೆಕ್ಕ, ಜೆರಾಕ್ಸ್ ಅಂಗಡಿಯಾದರೆ ಗಿರಾಕಿಗಳ ಆಧಾರ್ ಸ್ಕ್ಯಾನ್, ಸ್ಟುಡಿಯೋ ಆದರೆ ಮದುವೆ ಫೋಟೋ, ಎಲ್ಲ ಇರುವುದು ಅದರಲ್ಲೇ. ಅದು ಕೈತಪ್ಪಿದರೆ ನಿಮ್ಮ ಲೆಕ್ಕವೂ ಹೋಯಿತು, ಬೇರೆಯವರ ದಾಖಲೆಯೂ ಬೀದಿಗೆ ಬಿತ್ತು.

ಇದರಲ್ಲಿ ಕಾನೂನಿನ ವಿಷಯವೂ ಇದೆ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ನೋಂದಣಿ ಇರುವ ವ್ಯಾಪಾರಿ ಒಂದು ವರ್ಷದ ಲೆಕ್ಕವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಲೆಕ್ಕ ಕಂಪ್ಯೂಟರ್‌ನಲ್ಲಿದ್ದರೆ ಬ್ಯಾಕಪ್ ಇರಬೇಕು ಎಂದು ಜಿಎಸ್‌ಟಿ ನಿಯಮ 57 ಹೇಳುತ್ತದೆ. 'ಕಂಪ್ಯೂಟರ್ ಕೆಟ್ಟೋಯ್ತು ಸಾರ್' ಅಂದರೆ ಅಲ್ಲಿಗೆ ಮುಗಿಯುವುದಿಲ್ಲ.

ಇದಕ್ಕೆ ಅಗ್ಗದ ದಾರಿ ಎನ್‌ಕ್ಲೋಷರ್. ಕಂಪ್ಯೂಟರ್ ಅಂಗಡಿಯಲ್ಲಿ 'ಹಾರ್ಡ್ ಡಿಸ್ಕ್ ಕೇಸ್' ಅಂದರೂ ಕೊಡುತ್ತಾರೆ. ಒಂದು ಡಬ್ಬಿ, ಒಳಗೆ ಚಿಕ್ಕ ಸರ್ಕ್ಯೂಟ್ ಬೋರ್ಡ್, ಹೊರಗೆ ಯುಎಸ್‌ಬಿ ಕೇಬಲ್. ಹಳೇ ಡಿಸ್ಕನ್ನು ಅದರೊಳಗೆ ಕೂರಿಸಿದರೆ ದೊಡ್ಡ ಪೆನ್‌ಡ್ರೈವ್ ಇದ್ದ ಹಾಗೆ. ಆದರೆ ಎಲ್ಲ ಡಬ್ಬಿಗೂ ಎಲ್ಲ ಡಿಸ್ಕ್ ಹೊಂದುವುದಿಲ್ಲ.

ಮೊದಲು ಡಿಸ್ಕ್ ನೋಡಿ, ಆಮೇಲೆ ಡಬ್ಬಿ ಕೊಳ್ಳಿ

ಡಿಸ್ಕ್ ಬಿಚ್ಚಿಕೊಂಡು ಅಂಗಡಿಗೆ ತೆಗೆದುಕೊಂಡು ಹೋಗುವುದೇ ಒಳ್ಳೇದು. ಸಾಮಾನ್ಯವಾಗಿ ಸಿಗುವುದು ಇಷ್ಟು ತರ:

2.5 ಇಂಚಿನದು: ಲ್ಯಾಪ್‌ಟಾಪ್‌ನದ್ದು. ಸುಮಾರು 7 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದ. ಸಾಟಾ ಎಸ್‌ಎಸ್‌ಡಿ ಕೂಡ ಇದೇ ಅಳತೆ. ಯುಎಸ್‌ಬಿ ಕರೆಂಟಿನಲ್ಲೇ ಓಡುತ್ತದೆ, ಬೇರೆ ಅಡಾಪ್ಟರ್ ಬೇಡ. ದಪ್ಪದಲ್ಲಿ 7 ಮಿ.ಮೀ., 9.5 ಮಿ.ಮೀ. ಎರಡೂ ಬರುತ್ತವೆ. 9.5ರ ಡಬ್ಬಿಗೆ ಎರಡೂ ಕೂರುತ್ತವೆ, 7ರ ಡಬ್ಬಿಗೆ ದಪ್ಪದ್ದು ಹೋಗುವುದಿಲ್ಲ.

3.5 ಇಂಚಿನದು: ಡೆಸ್ಕ್‌ಟಾಪ್‌ನ ದೊಡ್ಡ, ಭಾರದ ಡಿಸ್ಕ್. ಇದಕ್ಕೆ 12 ವೋಲ್ಟ್ ಬೇಕು, ಅದು ಯುಎಸ್‌ಬಿಯಿಂದ ಬರುವುದಿಲ್ಲ. ಡಬ್ಬಿ ಜೊತೆ ಅಡಾಪ್ಟರ್ ಬಂದಿದೆಯಾ ನೋಡಿಕೊಂಡೇ ದುಡ್ಡು ಕೊಡಿ. ಮನೆಯಲ್ಲಿ ಬಿದ್ದಿರುವ ಬೇರೆ ಯಾವುದೋ ಅಡಾಪ್ಟರ್ ಚುಚ್ಚಬೇಡಿ, ಡಿಸ್ಕೇ ಸುಡಬಹುದು.

ಎಂ.2: ಹೊಸ ಲ್ಯಾಪ್‌ಟಾಪ್‌ಗಳ ಎಸ್‌ಎಸ್‌ಡಿ. 22 ಮಿ.ಮೀ. ಅಗಲದ ಪಟ್ಟಿ, ನೋಡೋಕೆ ರ‍್ಯಾಮ್ ತರ. ಇದರಲ್ಲೇ ಸಾಟಾ, ಎನ್‌ವಿಎಂಇ ಅಂತ ಎರಡು ಜಾತಿ. ಸಾಮಾನ್ಯವಾಗಿ ಸಾಟಾಕ್ಕೆ ಎರಡು ಕಚ್ಚು, ಎನ್‌ವಿಎಂಇಗೆ ಒಂದು ಕಚ್ಚು ಇರುತ್ತದೆ. ಲೇಬಲ್ ಓದಿ ಖಚಿತ ಮಾಡಿಕೊಳ್ಳಿ. ಒಂದರ ಡಬ್ಬಿ ಇನ್ನೊಂದಕ್ಕೆ ಆಗುವುದಿಲ್ಲ. ಎರಡಕ್ಕೂ ಆಗುವ ಡಬ್ಬಿ ಇದೆ, ಸ್ವಲ್ಪ ದುಬಾರಿ.

ಐಡಿಇ: ತುಂಬಾ ಹಳೇ ಡೆಸ್ಕ್‌ಟಾಪ್‌ನದ್ದು. ಹಿಂದೆ ಸಾಲು ಪಿನ್ನು, ಅಗಲವಾದ ಪಟ್ಟಿ ಕೇಬಲ್. ಸಾಟಾ ಡಬ್ಬಿ ಇದಕ್ಕೆ ಬರುವುದಿಲ್ಲ, ಐಡಿಇ ಅಡಾಪ್ಟರ್ ಅಂತಲೇ ಕೇಳಬೇಕು.

ಡಬ್ಬಿಯಲ್ಲಿ ಏನು ನೋಡಬೇಕು?

ಮುಖ್ಯವಾಗಿ ಯುಎಸ್‌ಬಿ 3.0 ಇರಲಿ. 2.0 ಡಬ್ಬಿಯಲ್ಲಿ ಸೆಕೆಂಡಿಗೆ 30-35 ಎಂಬಿ ಹೋದರೆ ಹೆಚ್ಚು. 100 ಜಿಬಿ ಕಾಪಿಗೆ 50 ನಿಮಿಷ ಬೇಕು. 3.0ನಲ್ಲಿ ಮಾಮೂಲಿ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಆಸುಪಾಸು ಕೊಟ್ಟರೆ ಅದೇ ಕೆಲಸ 17 ನಿಮಿಷದ್ದು. ಸಣ್ಣ ಸಣ್ಣ ಫೈಲು ಸಾವಿರಾರು ಇದ್ದರೆ ಎರಡರಲ್ಲೂ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಕಂಪ್ಯೂಟರ್‌ನ ಪೋರ್ಟ್ ಕೂಡ 3.0 ಆಗಿರಬೇಕು. ಒಳಗೆ ನೀಲಿ ಬಣ್ಣ ಇದ್ದರೆ ಸಾಮಾನ್ಯವಾಗಿ ಅದೇ.

ಡಿಸ್ಕ್ 2 ಟಿಬಿಗಿಂತ ದೊಡ್ಡದಾದರೆ ಡಬ್ಬಿ ಅಷ್ಟು ತಡೆಯುತ್ತದಾ ಕೇಳಿ. ಹಳೇ ಮಾದರಿಗಳಲ್ಲಿ ಆಗುವುದಿಲ್ಲ. ಸಾಧ್ಯವಾದರೆ ಅಂಗಡಿಯಲ್ಲೇ ನಿಮ್ಮ ಡಿಸ್ಕ್ ಹಾಕಿ ತೋರಿಸಲು ಹೇಳಿ.

ಬಿಚ್ಚುವಾಗ

ಮಷಿನ್ ಇನ್ನೂ ಆನ್ ಆಗುತ್ತಿದ್ದರೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ, ಇದ್ದರೆ ಆಫ್ ಮಾಡಿ. ಅದು ಮುಗಿಯುವವರೆಗೆ ಕಾಯಿರಿ. ಇಲ್ಲದಿದ್ದರೆ ಡಿಸ್ಕ್ ಬೇರೆ ಕಡೆ ಹಾಕಿದಾಗ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲ ಅಂದರೆ ಡೇಟಾ ಇಲ್ಲ. ಮಷಿನ್ ಸತ್ತೇ ಹೋಗಿದ್ದರೆ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ ಆ ಕೀ ಹುಡುಕಿ.

ಆಮೇಲೆ ಪ್ಲಗ್ ತೆಗೆಯಿರಿ, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಕನೆಕ್ಷನ್ ಬಿಡಿಸಿ. ಡಿಸ್ಕಿನ ಅಂಚು ಹಿಡಿಯಿರಿ, ಹಸಿರು ಬೋರ್ಡ್ ಮುಟ್ಟಬೇಡಿ. ಡಬ್ಬಿಯಲ್ಲಿ ಕೂರದಿದ್ದರೆ ಒತ್ತಬೇಡಿ, ತಿರುಗಿಸಿ ನೋಡಿ. ಡಿಸ್ಕಿನ ಸ್ವಂತ ಮುಚ್ಚಳದ ಸ್ಕ್ರೂಗೆ ಮಾತ್ರ ಕೈ ಹಚ್ಚಲೇಬೇಡಿ. ಒಳಗೆ ಧೂಳು ಹೊಕ್ಕರೆ ಕಥೆ ಮುಗಿಯಿತು.

'ಫಾರ್ಮ್ಯಾಟ್' ಅಂದರೆ 'ಕ್ಯಾನ್ಸಲ್' ಒತ್ತಿ

ಮೊದಲ ಸಲ ಚುಚ್ಚಿದಾಗ 'ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು' ಅಂತ ಸ್ಕ್ರೀನ್ ಮೇಲೆ ಬರಬಹುದು. ಬೇಕಾದಷ್ಟು ಜನ ಗಾಬರಿಯಲ್ಲಿ ಓಕೆ ಒತ್ತಿಬಿಡುತ್ತಾರೆ. ಒತ್ತಬೇಡಿ. ಡಿಸ್ಕ್ ಕೆಟ್ಟಿರಬಹುದು, ಕರೆಂಟ್ ಸಾಲದೇ ಇರಬಹುದು, ಕೇಬಲ್ ಸಡಿಲ ಇರಬಹುದು. ಕ್ಯಾನ್ಸಲ್ ಮಾಡಿ, ಬೇರೆ ಕೇಬಲ್, ಬೇರೆ ಪೋರ್ಟ್ ನೋಡಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ.

'ಪರ್ಮಿಷನ್ ಇಲ್ಲ' ಅಂತ ಬಂದರೆ ಅದು ಬೇರೆ. ನಿಮ್ಮದೇ ಡಿಸ್ಕ್ ಆದ್ದರಿಂದ ಕಂಟಿನ್ಯೂ ಕೊಡಿ, ಸ್ವಲ್ಪ ಹೊತ್ತಿಗೆ ಫೋಲ್ಡರ್ ತೆರೆಯುತ್ತದೆ.

ಡಿಸ್ಕ್ ಟಕ್ ಟಕ್ ಅಂತ ಬಡಿದುಕೊಳ್ಳುತ್ತಿದ್ದರೆ ತಕ್ಷಣ ತೆಗೆದುಬಿಡಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಒಳಗೆ ಹಾಳಾಗುತ್ತದೆ. ಡೇಟಾ ಬೇಕೇಬೇಕು ಅಂದರೆ ಅದು ಡೇಟಾ ರಿಕವರಿ ಮಾಡುವವರ ಕೆಲಸ.

ಏನೇನು ಕಾಪಿ ಮಾಡಬೇಕು?

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲ ಹಳೇ ಡಿಸ್ಕಿನ 'ಯೂಸರ್ಸ್' ಫೋಲ್ಡರ್ ಒಳಗೆ ಸಿಗುತ್ತವೆ. ಟ್ಯಾಲಿಯವರು 'ಡೇಟಾ' ಫೋಲ್ಡರ್ ಹುಡುಕಿ, ಒಳಗೆ ಐದಾರು ಅಂಕಿಯ ಹೆಸರಿನ ಫೋಲ್ಡರ್‌ಗಳಿರುತ್ತವೆ. ಒಂದೊಂದು ಒಂದೊಂದು ಕಂಪನಿ ಲೆಕ್ಕ. ಇಡೀ ಡೇಟಾ ಫೋಲ್ಡರ್ ಕಾಪಿ ಮಾಡಿ. ಪ್ರೋಗ್ರಾಂಗಳು ಕಾಪಿ ಮಾಡಿದರೆ ಬರುವುದಿಲ್ಲ, ಹೊಸ ಮಷಿನ್‌ಗೆ ಮತ್ತೆ ಹಾಕಿಸಬೇಕು. ಡಿಟಿಪಿಯವರು ನುಡಿ, ಬರಹ ಮೊದಲೇ ಹಾಕಿಕೊಳ್ಳಿ, ಆ ಫಾಂಟ್ ಇಲ್ಲದಿದ್ದರೆ ಹಳೇ ಕನ್ನಡ ಫೈಲು ಚಿತ್ರವಿಚಿತ್ರ ಅಕ್ಷರವಾಗಿ ಕಾಣುತ್ತದೆ.

ಡಬ್ಬಿ ಇದೆ ಅಂದ ಮಾತ್ರಕ್ಕೆ ಬ್ಯಾಕಪ್ ಇದೆ ಅಂತಲ್ಲ

ಇದನ್ನು ಮರೆಯಬೇಡಿ. ಹಳೇ ಡಿಸ್ಕಿಗೆ ವಯಸ್ಸಾಗಿರುತ್ತದೆ. ಅದರಲ್ಲೊಂದೇ ಲೆಕ್ಕ ಇಟ್ಟರೆ ಒಂದೇ ಕಂಬದ ಮೇಲೆ ಮನೆ ಕಟ್ಟಿದ ಹಾಗೆ. ಹೊಸ ಕಂಪ್ಯೂಟರ್‌ನಲ್ಲಿ ಒಂದು, ಡಬ್ಬಿಯಲ್ಲಿ ಒಂದು, ಹೀಗೆ ಎರಡು ಕಡೆ ಇದ್ದರೆ ಮಾತ್ರ ಬ್ಯಾಕಪ್. ಡಬ್ಬಿಯನ್ನು ಸದಾ ಚುಚ್ಚಿಟ್ಟಿರಬೇಡಿ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದರೆ ಡಬ್ಬಿಯಲ್ಲಿರುವುದಕ್ಕೂ ಬೀಗ ಬೀಳುತ್ತದೆ. ರಾತ್ರಿ ಲೆಕ್ಕ ಮುಗಿಸಿ ಕಾಪಿ ಮಾಡಿ, ತೆಗೆದು, ಮನೆಗೆ ಒಯ್ಯಿರಿ. ಅಂಗಡಿಗೆ ನೀರು ನುಗ್ಗಿದರೂ, ಕಳ್ಳತನವಾದರೂ ಒಂದು ಪ್ರತಿ ಉಳಿಯುತ್ತದೆ.

ಕೀಳುವಾಗ 'ಎಜೆಕ್ಟ್' ಕೊಟ್ಟೇ ಕೀಳಿ. ಓಡುತ್ತಿರುವಾಗ ಅಲುಗಾಡಿಸಬೇಡಿ. ಡಿಸ್ಕ್ ಖಾಲಿ ಮಾಡಿ ಹೊಸದಾಗಿ ಬಳಸುವುದಾದರೆ ವಿಂಡೋಸ್‌ಗೆ ಮಾತ್ರ ಎನ್‌ಟಿಎಫ್‌ಎಸ್, ಮ್ಯಾಕ್‌ಗೂ ಬೇಕಾದರೆ ಎಕ್ಸ್‌ಫ್ಯಾಟ್. ಫ್ಯಾಟ್ 32 ಬೇಡ, 4 ಜಿಬಿಗಿಂತ ದೊಡ್ಡ ಫೈಲು ಹಿಡಿಯುವುದಿಲ್ಲ.

ಡಿಸ್ಕನ್ನೂ ಮಾರುವುದಾದರೆ ಬರೀ ಡಿಲೀಟ್ ಸಾಲದು. ಫಾರ್ಮ್ಯಾಟ್ ಮಾಡುವಾಗ 'ಕ್ವಿಕ್ ಫಾರ್ಮ್ಯಾಟ್' ಟಿಕ್ ತೆಗೆದುಬಿಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ಆದರೆ ಹಾರ್ಡ್ ಡಿಸ್ಕ್ ಪೂರ್ತಿ ಸೊನ್ನೆ ಬರೆದು ಅಳಿಸುತ್ತದೆ. ಎಸ್‌ಎಸ್‌ಡಿ ಆದರೆ ಅದೇ ಕಂಪನಿಯ ಸಾಫ್ಟ್‌ವೇರ್‌ನಿಂದ ಅಳಿಸಿ.

ತಿಂಗಳಿಗೊಮ್ಮೆ ಡಬ್ಬಿ ಚುಚ್ಚಿ, ಕಳೆದ ವರ್ಷದ ಒಂದು ಬಿಲ್ಲು ತೆರೆದು ನೋಡಿ. ತೆರೆದರೆ ನಿಶ್ಚಿಂತೆ. ತೆರೆಯದಿದ್ದರೂ ಕಂಪ್ಯೂಟರ್‌ನಲ್ಲಿ ಇನ್ನೊಂದು ಪ್ರತಿ ಇರುವಾಗಲೇ ಗೊತ್ತಾಯಿತಲ್ಲ, ಅವತ್ತೇ ಬೇರೆ ಡಿಸ್ಕ್ ತನ್ನಿ.