ದಸರಾ ರಜೆಯಲ್ಲಿ ಚಿಣ್ಣರಿಗೆ ಅಂಕಿ ಆಟ: ಯಾವುದು ಸಣ್ಣದು, ಯಾವುದು ದೊಡ್ಡದು?

ಬೈಲಹೊಂಗಲ: ದಸರಾ ರಜೆ ಬಂತಂದ್ರ ಸಾಕು, ಶಾಲೆಯ ಪಾಟಿಚೀಲ ಗೂಟಕ್ಕೆ ಬೀಳುತ್ತದೆ. ದೊಡ್ಡವರು ಸೋಯಾ ರಾಶಿ, ಗೋವಿನಜೋಳದ ಕೆಲಸ ಅಂತ ಹೊಲ ಹಿಡಿದಿರುತ್ತಾರೆ. ಒಂದನೇ, ಎರಡನೇ ತರಗತಿಯ ಮಕ್ಕಳು ಅಜ್ಜ-ಅಜ್ಜಿಯ ಜೊತೆ ಮನೆಯಲ್ಲೇ ಉಳಿಯುತ್ತಾರೆ. ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ಇದೇ ಹಬ್ಬದ ರಜೆಯಲ್ಲಿ ಗಣಿತದ ಒಂದು ಗಟ್ಟಿ ಬುನಾದಿ ಹಾಕಬಹುದು.

"ನಮ್ಮ ಹುಡುಗ ನೂರರ ತನಕ ಪಟಪಟ ಹೇಳ್ತಾನ್ರಿ" ಎನ್ನುವ ಪಾಲಕರು ಬಹಳ. ಅದೇ ಹುಡುಗನ ಮುಂದೆ 35 ಮತ್ತು 53 ಬರೆದಿಟ್ಟು "ಯಾವುದು ದೊಡ್ಡದು?" ಎಂದು ಕೇಳಿದರೆ ತಡವರಿಸಬಹುದು. ಬಾಯಿಪಾಠ ಬೇರೆ, ಅಂಕಿಯ ಬೆಲೆ ತಿಳಿಯುವುದು ಬೇರೆ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವ ಏರಿಕೆ ಕ್ರಮ, ದೊಡ್ಡದರಿಂದ ಸಣ್ಣದಕ್ಕೆ ಬರುವ ಇಳಿಕೆ ಕ್ರಮ ಗೊತ್ತಾಗದಿದ್ದರೆ ಮುಂದೆ ಕೂಡಿಸುವ, ಕಳೆಯುವ ಲೆಕ್ಕವೂ ಕಗ್ಗಂಟಾಗುತ್ತದೆ.

ಯಾವ ತರಗತಿಗೆ ಎಷ್ಟು?

2021ರಲ್ಲಿ ಶುರುವಾದ ನಿಪುಣ್ ಭಾರತ್ ಯೋಜನೆ ಇದಕ್ಕೊಂದು ಗುರಿ ಹಾಕಿದೆ. ಒಂದನೇ ತರಗತಿಗೆ ಮುಂಚೆ 10ರ ತನಕ ಅಂಕಿ ಗುರುತಿಸಬೇಕು. ಒಂದನೇ ತರಗತಿ ಮುಗಿಯುವಾಗ 99, ಎರಡನೇ ತರಗತಿಗೆ 999, ಮೂರನೇ ತರಗತಿಗೆ 9999ರ ತನಕ ಓದಿ ಬರೆಯಬೇಕು. ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಮಕ್ಕಳು ಕಾರ್ಡು ಹಿಡಿದೇ ಕಲಿಯುತ್ತಾರೆ. ಹಾಗಾಗಿ ಹಳೇ ಲಗ್ನಪತ್ರಿಕೆ ಕತ್ತರಿಸಿ ಅಂಕಿ ಬರೆದು ಕೊಟ್ಟರೆ ಅವರಿಗೆ ಅದು ಹೊಸದೇನಲ್ಲ.

ಹಬ್ಬದ ಆಟಗಳು

ಘಟದ ಸಸಿ: ನವರಾತ್ರಿಗೆ ಘಟ ಹಾಕುವ ದಿನ ಮಗುವಿಗೂ ಒಂದು ತೆಂಗಿನ ಕರಟದಲ್ಲಿ ಮಣ್ಣು ತುಂಬಿ ಗೋಧಿ ಬಿತ್ತಿಸಿ. ಮೊಳಕೆ ಕಂಡ ದಿನದಿಂದ ಸ್ಕೇಲ್ ಇಟ್ಟು ಎಷ್ಟು ಸೆಂಟಿಮೀಟರ್ ಬೆಳೆದಿದೆ ಎಂದು ಚೀಟಿಯಲ್ಲಿ ಬರೆಸಿ. ವಿಜಯದಶಮಿ ದಿನ ಚೀಟಿಗಳನ್ನು ಕಲಸಿ, ಮತ್ತೆ ಸಾಲಾಗಿ ಇಡಲು ಹೇಳಿ. ಸಸಿ ಏರಿದಂತೆ ಅಂಕಿಯೂ ಏರುವುದು ಕಣ್ಣಿಗೇ ಕಾಣುತ್ತದೆ.

ಕಿಲೋಮೀಟರ್ ಕಲ್ಲು: ಸವದತ್ತಿ ಯಲ್ಲಮ್ಮನ ಗುಡ್ಡಕ್ಕೋ, ರಾಮದುರ್ಗ ತಾಲೂಕಿನ ಗೊಡಚಿಗೋ ಹೊರಟರೆ ಮಗುವನ್ನು ಕಿಟಕಿ ಪಕ್ಕ ಕೂರಿಸಿ. ಊರು ಹತ್ತಿರ ಬಂದಂತೆ ಕಲ್ಲಿನ ಮೇಲಿನ ಅಂಕಿ ಇಳಿಯುತ್ತಾ ಹೋಗುತ್ತದೆ. "ಈಗ 12 ಬಂತು, ಮುಂದಿನದು ಎಷ್ಟಿರ್ತೈತಿ?" ಎಂದು ಕೇಳಿ. ಇಳಿಕೆ ಕ್ರಮಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಪಾಂಡವರ ಸಾಲು: ದೀಪಾವಳಿ ಪಾಡ್ಯಕ್ಕೆ ಸಗಣಿಯ ಪಾಂಡವರನ್ನು ಇಡುವ ಮನೆಗಳಲ್ಲಿ ಧರ್ಮರಾಯ ಮೊದಲನೆಯವ, ಭೀಮ ಎರಡನೆಯವ, ಅರ್ಜುನ ಮೂರನೆಯವ ಎಂದು ಹೇಳಿಸಿ. ಮೂರು ಎನ್ನುವುದಕ್ಕೂ ಮೂರನೆಯದು ಎನ್ನುವುದಕ್ಕೂ ಇರುವ ಫರಕು ತಿಳಿಯುತ್ತದೆ.

ಕಿತ್ತೂರಿನ ಇಸ್ವಿಗಳು: ಅಕ್ಟೋಬರ್ 23ರಿಂದ 25ರವರೆಗಿನ ಕಿತ್ತೂರು ಉತ್ಸವದ ಹೊತ್ತಿಗೆ ಮೂರನೇ ತರಗತಿಯವರಿಗೆ ಈ ನಾಲ್ಕು ಚೀಟಿ ಕೊಡಿ: 1829, 1798, 1831, 1824. ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು 1798, ಕಿತ್ತೂರಿನ ಗೆಲುವು 1824, ಬೈಲಹೊಂಗಲದ ಸೆರೆಯಲ್ಲಿ ಚನ್ನಮ್ಮ ತೀರಿಕೊಂಡದ್ದು 1829, ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831. ಕೊನೆಯ 98 ನೋಡಿ 1798ನ್ನೇ ದೊಡ್ಡದು ಎನ್ನುವ ಮಕ್ಕಳಿಗೆ ನೂರರ ಸ್ಥಾನ ಮೊದಲು ನೋಡಲು ಕಲಿಸಬೇಕು. ಸಾಲು ಸರಿಯಾದರೆ ಇತಿಹಾಸವೂ ಸಾಲಾಗಿ ನಿಲ್ಲುತ್ತದೆ.

ಎಲ್ಲಿ ಎಡವುತ್ತಾರೆ?

ಕನ್ನಡದ ಎಣಿಕೆ ಮಕ್ಕಳಿಗೆ ಅನುಕೂಲವೇ. 'ಇಪ್ಪತ್ತೊಂದು' ಎನ್ನುವಾಗ ಮೊದಲು ಇಪ್ಪತ್ತು, ಆಮೇಲೆ ಒಂದು ಬರುತ್ತದೆ, ಬರೆಯುವುದೂ ಹಾಗೆಯೇ. ಮರಾಠಿಯ 'ಏಕವೀಸ್'ನಲ್ಲಿ ಒಂದು ಮೊದಲು ಬರುತ್ತದೆ. ಆದರೂ ಕೇಳಿದಂತೆ ಬರೆಯಲು ಹೋಗಿ ಇಪ್ಪತ್ತೊಂದನ್ನು 201 ಎಂದು ಬರೆಯುವ ಮಕ್ಕಳಿದ್ದಾರೆ. 29 ಆದ ಮೇಲೆ, 39 ಆದ ಮೇಲೆ ಹತ್ತು ದಾಟುವಲ್ಲಿ ನಿಂತುಬಿಡುವುದೂ ಸಾಮಾನ್ಯ. 6 ಮತ್ತು 9 ತಲೆಕೆಳಗಾಗುವುದರಿಂದ ಚೀಟಿಯ ಕೆಳಗೆ ಒಂದು ಗೆರೆ ಎಳೆದಿಡಿ.

ಇದಕ್ಕೆ ಮದ್ದು ಕಡ್ಡಿಯ ಕಟ್ಟು. ಹತ್ತು ಕಸಬರಿಗೆ ಕಡ್ಡಿಗೆ ಒಂದು ದಾರ ಕಟ್ಟಿ. 35 ಅಂದರೆ ಮೂರು ಕಟ್ಟು, ಐದು ಬಿಡಿ ಕಡ್ಡಿ. 53 ಅಂದರೆ ಐದು ಕಟ್ಟು, ಮೂರು ಬಿಡಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ದೊಡ್ಡದು ಯಾವುದೆಂದು ಮಗುವೇ ಹೇಳುತ್ತದೆ.

ಪಾಲಕರಿಗೆ ನಾಲ್ಕು ಮಾತು

* ಮೊದಲ ದಿನವೇ ಹತ್ತು ಚೀಟಿ ಬೇಡ. 2, 5, 9ರಂತೆ ದೂರದೂರದ ಮೂರು ಅಂಕಿ ಸಾಕು. ಆಮೇಲೆ 6, 7, 8ರಂತೆ ಹತ್ತಿರದವು ಕೊಡಿ.
* ಸಾಲಿನ ನಡುವಿನ ಒಂದು ಚೀಟಿ ಬಚ್ಚಿಟ್ಟು ಯಾವುದು ಕಾಣೆಯಾಗಿದೆ ಎಂದು ಕೇಳಿ.
* ಉತ್ತರ ಸರಿ ಇದ್ದರೂ "ಹೆಂಗ ಗೊತ್ತಾತು?" ಎಂದು ಕೇಳುವುದನ್ನು ಬಿಡಬೇಡಿ. ಊಹೆಯೋ ತಿಳಿವಳಿಕೆಯೋ ಅಲ್ಲೇ ಗೊತ್ತಾಗುತ್ತದೆ.
* ತಪ್ಪಿದರೆ ಗದರಬೇಡಿ, ಕಡ್ಡಿ ಎಣಿಸಲು ಹೇಳಿ. ಬೇಸರ ಬಂದರೆ ಆಟ ನಿಲ್ಲಿಸಿ.

ಓದು ಬರದ ಅಜ್ಜಿಯೂ ಈ ಆಟ ಆಡಿಸಬಹುದು. ಶೇಂಗಾ ಎಣಿಸಿ ಗುಂಪು ಮಾಡಿ, ಯಾವುದರಲ್ಲಿ ಹೆಚ್ಚಿದೆ, ಯಾವುದರಲ್ಲಿ ಕಡಿಮೆ ಇದೆ ಎಂದು ಕೇಳಿದರಾಯಿತು. ಆಟ ಮುಗಿದ ಮೇಲೆ ಶೇಂಗಾ ತಿನ್ನುವ ಹಕ್ಕು ಮಾತ್ರ ಮಗುವಿನದು.