ತಗ್ಗಿಸಿದ ಕಾರಿಗೆ ನಡುಕವೇಕೆ?

ಚೆಂದ ಕಾಣಲೆಂದು ಮನೆಯ ಹುಡುಗರು ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸುತ್ತಾರೆ. ಆಮೇಲೆ ವಿಜಯಪುರದಿಂದ ತಿಕೋಟಾಕ್ಕೋ ಬಬಲೇಶ್ವರಕ್ಕೋ ಹೊರಟರೆ ಕಾರು ನಡುಗುತ್ತದೆ, ಮಡಿಲ ಮಗು ಎಚ್ಚರಗೊಳ್ಳುತ್ತದೆ. ಕಾರಿನ ಒಡಲು ಇಳಿದರೂ ಚಕ್ರಗಳು ಇಳಿಯುವುದಿಲ್ಲ. ಹೀಗಾಗಿ ಚಕ್ರ ತಿರುಗಿಸುವ ಆಕ್ಸಲ್ ಹೆಚ್ಚು ಓರೆಯಾಗಿ, ಅದರ ಜಾಯಿಂಟ್ ತಡವರಿಸುತ್ತದೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಕಾರಿನಲ್ಲಂತೂ ಹಿಂದೆಯೂ ಇದೇ ಪಾಡು. ಎಕ್ಸಿಲರೇಟರ್ ಒತ್ತಿದಾಗ ನಡುಗಿ, ಬಿಟ್ಟೊಡನೆ ತಗ್ಗಿದರೆ ಮೊದಲ ಅನುಮಾನ ಆಕ್ಸಲ್ ಮೇಲೆಯೇ. ಟಯರ್ ಬ್ಯಾಲೆನ್ಸಿಂಗ್‌ಗೆ ಹಣ ಸುರಿಯಬೇಡಿ. ಮೊದಲಿನ ಸ್ಪ್ರಿಂಗನ್ನೇ ಹಾಕಿಸಿ. ಜಾಯಿಂಟಿನ ರಬ್ಬರ್ ಹೊದಿಕೆ ಹರಿದು ಗ್ರೀಸ್ ಸೋರಿದೆಯೇ ನೋಡಿಸಿ, ಸವೆದಿದ್ದರೆ ಬದಲಿಸಿ. ಬಳಿಕವೇ ವೀಲ್ ಅಲೈನ್‌ಮೆಂಟ್. ಕಂಪನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲೇ ತೀರ್ಪಿತ್ತಿದೆ. ಬಿಚ್ಚಿಟ್ಟ ಹಳೆಯ ಸ್ಪ್ರಿಂಗು ಗುಜರಿ ಸೇರದಂತೆ ತಾಯಂದಿರೇ ನೋಡಿಕೊಳ್ಳಿ.