ತಲೆಗೆ ಬಿಸಿನೀರು ಬಿದ್ದಾಗ ಬರುವ ಮೂರ್ಛೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ತಲೆ ಎರೆದುಕೊಳ್ಳುವುದೆಂದರೆ ಹಂಡೆಯ ಸುಡುಸುಡು ನೀರನ್ನು ತಂಬಿಗೆಯಿಂದ ಮೇಲಿಂದ ಮೇಲೆ ನೆತ್ತಿಗೆ ಸುರಿದುಕೊಳ್ಳುವುದು. ಹೀಗೆ ಸುರಿಯುವಾಗಲೇ ಕೆಲವರಿಗೆ, ವಿಶೇಷವಾಗಿ ಮಕ್ಕಳಿಗೆ, ದೃಷ್ಟಿ ಒಂದೇ ಕಡೆ ನೆಟ್ಟು ನಿಲ್ಲುತ್ತದೆ, ಮಾತು ತಪ್ಪುತ್ತದೆ, ಪ್ರಜ್ಞೆ ಹೋಗುತ್ತದೆ. ಕೈಕಾಲು ಸೆಟೆದು ಜಗ್ಗುವುದೂ ಉಂಟು. 'ಬಚ್ಚಲಲ್ಲಿ ಗಾಳಿ ಸೋಕಿತು' ಎಂದು ತಾಯಿತ ಕಟ್ಟಿಸುವವರಿದ್ದಾರೆ. ಇದು ಗಾಳಿಯಲ್ಲ, ಮೂರ್ಛೆರೋಗದ ಒಂದು ಬಗೆ. ಬೇರೆ ದೇಶಗಳಲ್ಲಿ ಅಪರೂಪವಾದ ಇದು ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಕರ್ನಾಟಕದಲ್ಲಿ ಹೆಚ್ಚಾಗಿ ವರದಿಯಾಗಿದೆ.

ಇದನ್ನು ಅರಿಯಲು ಒಬ್ಬ ವೈದ್ಯನಿಂದ ಆಗುತ್ತಿರಲಿಲ್ಲ. ನಾವು ಎಂಬಿಬಿಎಸ್ ಓದುವಾಗ ಮಿದುಳಿನ ರಚನೆ ಒಂದು ಪುಸ್ತಕ, ಕೆಲಸ ಇನ್ನೊಂದು ಪುಸ್ತಕ. ಮನಸ್ಸಿನ ಕಾಯಿಲೆಯಂತೂ ಕೊನೆಯ ಕೆಲವು ಪುಟ! ಬೆಂಗಳೂರಿನಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯನ್ನೂ 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ 1974ರಲ್ಲಿ ಕೂಡಿಸಿ ನಿಮ್ಹಾನ್ಸ್ ಕಟ್ಟಿದಾಗ ಈ ಗೋಡೆ ಒಡೆಯಿತು. ನರಶಸ್ತ್ರತಜ್ಞ ಡಾ. ಮಾರ್ತಾಂಡ ವರ್ಮ ಅದರ ಮೊದಲ ನಿರ್ದೇಶಕರು. ನರರೋಗ, ಮನೋರೋಗ, ಶಸ್ತ್ರಚಿಕಿತ್ಸೆ, ರಸಾಯನ ಪರೀಕ್ಷೆ ಎಲ್ಲವೂ ಒಂದೇ ಆವರಣಕ್ಕೆ ಬಂದವು. 1994ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ಮಾನ್ಯತೆಯೂ ದೊರೆಯಿತು.

ಬಿಸಿನೀರ ಮೂರ್ಛೆಯನ್ನೇ ನೋಡಿ. ರೋಗಿಗಳನ್ನು ಕಂಡವರು ನರರೋಗ ತಜ್ಞ ಡಾ. ಪಿ. ಸತೀಶ್‌ಚಂದ್ರ. ನರರೋಗಶಾಸ್ತ್ರದ ಡಾ. ಎಸ್.ಕೆ. ಶಂಕರ್ ಮುಂತಾದವರೊಡನೆ ಸೇರಿ ಅವರು ಇಲಿಗಳ ತಲೆಗೆ ಬಿಸಿನೀರು ಸುರಿದು, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ, ಅಲ್ಲಿಯೂ ಸೆಳೆತ ಬರುವುದನ್ನು ತೋರಿಸಿದರು. ಅದು 1990ರ ದಶಕ. ಮರಣಾನಂತರ ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗೆಂದು ಕಾದಿಡುವ 'ಮಿದುಳು ಬ್ಯಾಂಕ್' ಶಂಕರ್ ಅವರ ಮುತುವರ್ಜಿಯಿಂದ ಅಲ್ಲಿಯೇ ಬೆಳೆಯಿತು. ಈ ಮೂರ್ಛೆ ಕೆಲವು ಮನೆತನಗಳಲ್ಲಿ ಸಾಲಾಗಿ ಬರುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ತಳಿವಿಜ್ಞಾನಿಗಳು ನಿಮ್ಹಾನ್ಸ್ ವೈದ್ಯರೊಡನೆ ಅಂಥ ಕುಟುಂಬವನ್ನು ಪರೀಕ್ಷಿಸಿ, ಅದರ ಒಂದು ಬೇರು 10ನೆಯ ವರ್ಣತಂತುವಿನಲ್ಲಿದೆ ಎಂದು 2009ರಲ್ಲಿ ಪ್ರಕಟಿಸಿದರು.

ಮನೆಯಲ್ಲಿ ಏನು ಮಾಡಬೇಕು? ನೀರು ಉಗುರುಬೆಚ್ಚಗಿರಲಿ. ನೆತ್ತಿಗೆ ಧಾರೆಯಾಗಿ ಸುರಿಯದೆ, ತಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೊಳೆಯಿರಿ. ಹಲವರಿಗೆ ಇಷ್ಟೇ ಸಾಕು. ಸಾಲದಿದ್ದರೆ ಸ್ನಾನಕ್ಕೆ ಮುಂಚೆ ನುಂಗುವ ಮಾತ್ರೆಯುಂಟು. ಅದನ್ನು ವೈದ್ಯರೇ ಬರೆದುಕೊಡಬೇಕು. ಬಚ್ಚಲಿನ ಚಿಲಕ ಹಾಕಕೂಡದು. ಮೂರ್ಛೆ ಬಂದರೆ ಒಲೆ, ಹಂಡೆಯಿಂದ ದೂರ ಸರಿಸಿ ಮಗ್ಗುಲಾಗಿ ಮಲಗಿಸಿ. ಬಾಯಿಗೆ ಏನನ್ನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡುವುದರಿಂದ ಉಪಯೋಗವಿಲ್ಲ. ಐದು ನಿಮಿಷವಾದರೂ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ವೈದ್ಯರ ಬಳಿ ಹೋಗುವಾಗ ಅಜ್ಜನಿಗೋ ಸೋದರಮಾವನಿಗೋ ಹೀಗೆ ಆಗುತ್ತಿತ್ತೇ ಎಂದು ಹಿರಿಯರನ್ನು ಕೇಳಿಕೊಂಡು ಹೋಗಿ.